ಗೀರು ಯಾರದು?

ಮಧ್ಯಮ ವರ್ಗದ ಸಂಸಾರದಲ್ಲಿ ಮನೆ ಕಟ್ಟಿಸಿ, ಮಗಳ ಮದುವೆ ಮಾಡಿ ಮುಗಿಸಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಉಳಿದಿದ್ದರೆ ಬಾಗಿಲಿಗೊಂದು ಕಾರು ಬರುತ್ತದೆ. ಬಂದ ದಿನ ಅದಕ್ಕೆ ಆರತಿಯಾಗುತ್ತದೆ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಲಾಗುತ್ತದೆ. ನೆರೆಹೊರೆಯವರು ಬಂದು ಬಾನೆಟ್ಟಿನ ಮೇಲೆ ತಮ್ಮ ಮುಖ ನೋಡಿಕೊಂಡು, ಮೆಚ್ಚಿ ಹೋಗುತ್ತಾರೆ. ಎರಡು ವರ್ಷ ಕಳೆಯುವುದರೊಳಗೆ ಅದೇ ಬಾನೆಟ್ಟಿನಲ್ಲಿ ಮುಖ ಮಸುಕಾಗಿ ಕಾಣತೊಡಗುತ್ತದೆ. ಕಾರು ಯಾವ ಗೋಡೆಗೂ ತಗುಲಿಲ್ಲ, ಯಾವ ದನವೂ ಅದನ್ನು ಹಾಯ್ದಿಲ್ಲ. ದಿನವೂ ತಪ್ಪದೆ ಒರೆಸಿದ್ದಾರೆ. ಆದರೂ ಮೆರುಗು ಹೋಯಿತು. ನಿಧಾನವಾಗಿ ವಿಚಾರ ಮಾಡಿದರೆ, ದಿನವೂ ತಪ್ಪದೆ ಒರೆಸಿದ್ದರಿಂದಲೇ ಹೋಯಿತೆಂಬುದು ತಿಳಿದುಬರುತ್ತದೆ.

ಹಾಸನದಲ್ಲಿ ಇಂಥ ಒಂದು ಸಂಸಾರವಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಯಜಮಾನರು ನಿವೃತ್ತ ಮುಖ್ಯೋಪಾಧ್ಯಾಯರು, ಬೀದಿಯವರಿಗೆಲ್ಲ ಮೇಷ್ಟ್ರು. ಗೃಹಿಣಿಯ ತವರು ಹೊಳೆನರಸೀಪುರ. ಪಿತ್ರಾರ್ಜಿತವಾದ ಎರಡೆಕರೆ ಹೊಲ ಅರಕಲಗೂಡಿನ ಕಡೆ. ಮಗಳನ್ನು ಕೊಟ್ಟದ್ದು ಚನ್ನರಾಯಪಟ್ಟಣಕ್ಕೆ. ಮೂರೂ ಊರುಗಳು ಹಾಸನದಿಂದ ಸುಮಾರು 30-40 ಕಿಲೋಮೀಟರು ದೂರದವಾದ್ದರಿಂದ ಕಾರಿಗೆ ವಾರಕ್ಕೊಂದು ಪ್ರಯಾಣ ತಪ್ಪದು. ಕಾರಿನ ಬಣ್ಣ ಕಡುನೀಲಿ. ಬೆಳಗಿನ ಜಾವ ಒಬ್ಬ ತರುಣ ಬಂದು ಬೀದಿಯ ಹತ್ತು ಕಾರುಗಳನ್ನು ಒರೆಸಿ ಹೋಗುತ್ತಾನೆ. ಅವುಗಳಲ್ಲಿ ಇದೂ ಒಂದು.

ಒಂದು ಸಂಜೆ ಮಗಳ ಮನೆಯಿಂದ ಹಿಂದಿರುಗುವಾಗ ಪೆಟ್ರೋಲ್ ಬಂಕಿನ ದೀಪದ ಕೆಳಗೆ ಮೇಷ್ಟ್ರು ಕಾರನ್ನು ನಿಲ್ಲಿಸಿದರು. ಬಾನೆಟ್ಟಿನ ಮೇಲೆ ದೀಪದ ಬಿಂಬದ ಸುತ್ತ ಜೇಡರಬಲೆಯಂತೆ ನೂರಾರು ಸಣ್ಣ ಗೀರುಗಳು, ಬಳೆಬಳೆಯಾಗಿ, ಕಣ್ಣಿಗೆ ಬಿದ್ದುವು. ಮರುದಿನ ಬೆಳಗ್ಗೆ ತರುಣನಿಗೆ ವಿಚಾರಣೆ.

"ಏನಪ್ಪಾ, ಕಾರು ಒರೆಸು ಎಂದರೆ ಪಾತ್ರೆ ಉಜ್ಜಿದ ಹಾಗೆ ಸುತ್ತಿ ಸುತ್ತಿ ಉಜ್ಜಿದ್ದೀಯಲ್ಲ! ನಾಳೆಯಿಂದ ನೀನು ಬರಬೇಡ."

"ಮೇಷ್ಟ್ರೇ, ಹತ್ತು ಕಾರಿಗೆ ಒಂದೇ ಬಕೆಟ್ಟು ನೀರು. ನಾನೇನು ಮಾಡಲಿ?" ಎಂದು ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಒಳಗಿನಿಂದ ಗೃಹಿಣಿ ಒಂದು ಹಳೆಯ ಸ್ಟೀಲ್ ತಟ್ಟೆಯನ್ನು ತಂದು ಪಡಸಾಲೆಯ ದೀಪದ ಕೆಳಗೆ ಹಿಡಿದರು. "ಅವನನ್ನು ಅನ್ನುವ ಮೊದಲು ಇದನ್ನು ನೋಡಿ. ಇದರಲ್ಲೂ ಬಳೆಗಳಿವೆ. ತಟ್ಟೆಯನ್ನು ಈ ಕಡೆ ಸರಿಸಿದರೆ ಬಳೆಗಳೂ ದೀಪದ ಹಿಂದೆಯೇ ಸರಿಯುತ್ತವೆ. ನಿಜವಾದ ಬಳೆಯಾಗಿದ್ದರೆ ಇದ್ದಲ್ಲೇ ಇರಬೇಕಿತ್ತಲ್ಲವೇ?"

ಗೃಹಿಣಿಯ ಮಾತು ಅಕ್ಷರಶಃ ಸತ್ಯ. ತಟ್ಟೆಯ ಮೇಲಾಗಲಿ ಕಾರಿನ ಮೇಲಾಗಲಿ ಗೀರುಗಳು ದಿಕ್ಕುದಿಕ್ಕಿಗೆ, ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ದೀಪದ ಬೆಳಕನ್ನು ನಮ್ಮ ಕಣ್ಣಿನತ್ತ ಹೊರಳಿಸಬಲ್ಲವು ಬಿಂಬದ ಸುತ್ತ ವೃತ್ತಾಕಾರದಲ್ಲಿ ಸಾಲುಗೂಡುವ ಗೀರುಗಳು ಮಾತ್ರ. ಮಿಕ್ಕವು ಇದ್ದೂ ಕಾಣುವುದಿಲ್ಲ. ಆದ್ದರಿಂದ ಬಳೆಗಳನ್ನು ಕಂಡು 'ಸುತ್ತಿ ಸುತ್ತಿ ಉಜ್ಜಿದ' ಎಂದು ತೀರ್ಪು ಕೊಡುವುದು ಸಾಕ್ಷಿಯಿಲ್ಲದ ತೀರ್ಪು. ಕೈ ಯಾವ ದಿಕ್ಕಿನಲ್ಲಿ ಆಡಿತೆಂಬುದು ಮುಖ್ಯವಲ್ಲ. ಕೈಗೂ ಬಣ್ಣಕ್ಕೂ ನಡುವೆ ಏನು ಸಿಕ್ಕಿತ್ತೆಂಬುದು ಮುಖ್ಯ.

ಸಿಕ್ಕಿದ್ದು ಮಣ್ಣು. ಈ ಸೀಮೆಯ ಮಣ್ಣಿನ ಗುಣವನ್ನು ತಿಳಿಯಬೇಕಾದರೆ ಈ ಸೀಮೆಯ ಕಲ್ಲನ್ನು ನೋಡಬೇಕು. ಹಾಸನದ ಜಿಲ್ಲೆ ಎರಡು ಬಗೆಯ ಕಲ್ಲಿಗೆ ಪ್ರಸಿದ್ಧವಾದುದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಿಂತಿರುವ ಗೊಮ್ಮಟಮೂರ್ತಿ ಗಟ್ಟಿಯಾದ ಗ್ರಾನೈಟ್ ಶಿಲೆಯದು. ಸಾವಿರ ವರ್ಷಗಳ ಮಳೆಬಿಸಿಲುಗಳನ್ನೂ, ಹನ್ನೆರಡು ವರ್ಷಗಳಿಗೊಮ್ಮೆ ನಡೆದುಬಂದಿರುವ ಮಹಾಮಸ್ತಕಾಭಿಷೇಕಗಳ ಹಾಲು, ಕಬ್ಬಿನ ರಸ, ಅರಿಶಿನ, ಚಂದನಗಳನ್ನೂ ಅದು ತಡೆದುಕೊಂಡು ನಿಂತಿದೆ. 2018ರಲ್ಲಿಯೂ ಅಂಥದೊಂದು ಅಭಿಷೇಕವಾಯಿತು. ಹಳೇಬೀಡು, ಬೇಲೂರುಗಳ ಹೊಯ್ಸಳ ಶಿಲ್ಪಗಳಾದರೋ ಬಳಪದ ಕಲ್ಲಿನವು. ಉಳಿಗೆ ಬೆಣ್ಣೆಯಂತೆ ಒದಗುವ ಕಲ್ಲಾದ್ದರಿಂದಲೇ ಶಿಲ್ಪಿಗಳು ಮದನಿಕೆಯ ಬೆರಳಿನ ಉಂಗುರವನ್ನೂ ಅದರಲ್ಲಿ ಕೆತ್ತಬಲ್ಲವರಾದರು.

ಖನಿಜಗಳ ಗಡಸುತನವನ್ನು ಅಳೆಯಲು ಫ್ರೆಡ್ರಿಕ್ ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಒಂದು ಶ್ರೇಣಿಯನ್ನು ಏರ್ಪಡಿಸಿದನು. ಗಡಸಾದುದು ಮೃದುವಾದುದನ್ನು ಗೀರುತ್ತದೆಂಬುದೇ ಅದರ ಸೂತ್ರ. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕಿಗೆ ಅದರಲ್ಲಿ ಸ್ಥಾನ 1, ವಜ್ರಕ್ಕೆ 10. ನಮ್ಮ ಕೈಯುಗುರು 2.5ರ ಸುಮಾರಿನಲ್ಲಿಯೂ ಕಿಟಕಿಯ ಗಾಜು 5.5ರ ಸುಮಾರಿನಲ್ಲಿಯೂ ನಿಲ್ಲುತ್ತವೆ. ಗ್ರಾನೈಟಿನಲ್ಲಿ ಬೆರೆತಿರುವ ಬೆಣಚುಕಲ್ಲಿಗೆ ಸ್ಥಾನ 7. ಈ ಸೀಮೆಯ ಬಂಡೆಗಳು ಯುಗಯುಗಗಳ ಕಾಲ ಸವೆದು ಮಣ್ಣಾದಾಗ ಅವುಗಳ ಮಿಕ್ಕ ಅಂಶಗಳು ಜೇಡಿಯಾದುವು. ಬೆಣಚು ಮಾತ್ರ ಕರಗದೆ ಮರಳಾಗಿ ಉಳಿಯಿತು. ಅರಕಲಗೂಡಿನ ಹೊಗೆಸೊಪ್ಪಿನ ಹೊಲದ ಬದಿಯಲ್ಲಿ, ಆಲೂಗಡ್ಡೆಯ ಗಾಡಿಗಳು ಹಾಯುವ ದಾರಿಯಲ್ಲಿ ಏಳುವ ಕೆಂಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇರುವುದು ಈ ಬೆಣಚೇ. ಕಾರಿನ ಮೆರುಗು ಎಂಬುದು ಒಂದು ಬಗೆಯ ರಾಳದ ಪೊರೆ. ಬೆಣಚಿಗಿಂತ ಎಷ್ಟೋ ಮೃದುವಾದುದು. ಒಣಗಿದ ಧೂಳಿನ ಮೇಲೆ ಒಣಬಟ್ಟೆ ಎಳೆಯುವುದೆಂದರೆ, ಗೊಮ್ಮಟನ ಕಲ್ಲಿನ ಪುಡಿಯನ್ನು ಕೈಯಲ್ಲಿ ಹಿಡಿದು ಹಳೇಬೀಡಿನ ಮದನಿಕೆಯ ಕೆನ್ನೆಯನ್ನು ಉಜ್ಜಿದಂತೆಯೇ ಸರಿ.

ಆ ಪೊರೆ ಎಷ್ಟು ತೆಳುವೆಂಬುದನ್ನು ತಿಳಿದರೆ ಕೈ ತಾನಾಗಿಯೇ ಹಗುರವಾದೀತು. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ, ಹೀಗೆ ನಾಲ್ಕು ಹಾಸುಗಳಿರುತ್ತವೆ. ಎಲ್ಲ ಸೇರಿ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದರಲ್ಲಿ ಪಾರದರ್ಶಕ ಪದರದ ಪಾಲು 40-50 ಮೈಕ್ರಾನು. ಎಂದರೆ ತಲೆಗೂದಲಿನ ಒಂದು ಎಳೆಗಿಂತಲೂ ತೆಳುವು. ಹೊಳಪೆಲ್ಲ ಇರುವುದು ಈ ಪದರದಲ್ಲಿ. ಸೂರ್ಯನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಪಾಡುವ ದ್ರವ್ಯವಿರುವುದೂ ಇದರಲ್ಲಿಯೇ.

ಹಿಂದೆ ಹೀಗಿರಲಿಲ್ಲ. 1920ರ ದಶಕದವರೆಗೆ ಮೋಟಾರುಗಳಿಗೆ ಸಾರೋಟಿನ ವಾರ್ನಿಷನ್ನೇ ಪದರಪದರವಾಗಿ ಬಳಿಯುತ್ತಿದ್ದರು. ಅದು ಒಣಗಲು ವಾರಗಳೇ ಹಿಡಿಯುತ್ತಿದ್ದುವು. ಅಮೆರಿಕದ ಡುಪಾಂಟ್ ಕಂಪೆನಿಯವರ ಡ್ಯೂಕೋ ಎಂಬ ಬಣ್ಣ 1923ರ ಸುಮಾರಿಗೆ ಬಂದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಕಾಲದ ಕಾರುಗಳಲ್ಲಿ ಬಣ್ಣವೇ ಮೇಲಿನ ಪದರ. ಪಾಲಿಷು ಹಾಕಿ ತಿಕ್ಕಿದರೆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು, ತಿಕ್ಕಿದ್ದು ಹೆಚ್ಚಾಯಿತೆಂದು ಕೈಗೆ ಎಚ್ಚರಿಕೆ ಸಿಗುತ್ತಿತ್ತು. ಈಗಿನ ಪಾರದರ್ಶಕ ಪದರ ಸವೆದರೆ ಬಟ್ಟೆಯಲ್ಲಿ ಗುರುತೇ ಇಲ್ಲ. ನಷ್ಟ ಸದ್ದಿಲ್ಲದೆ ಆಗುತ್ತದೆ. ಆದ್ದರಿಂದಲೇ ಎಚ್ಚರ ಹೆಚ್ಚು ಬೇಕು.

ಹಾಗಾದರೆ ತೊಳೆಯುವ ಕ್ರಮವೇನು? ಗುಟ್ಟೆಲ್ಲ ಒಂದೇ ಮಾತಿನಲ್ಲಿದೆ: ಕೈ ಮುಟ್ಟುವ ಮೊದಲು ನೀರು ಮುಟ್ಟಲಿ. ಹೊಳೆಯಲ್ಲಿ ಎಮ್ಮೆ ಮೈ ತೊಳೆಯುವವನು ಮೊದಲು ಅದನ್ನು ನೀರಿನಲ್ಲಿ ಮಲಗಲು ಬಿಟ್ಟು, ಕೆಸರು ನೆನೆದ ಮೇಲೆ ಹುಲ್ಲಿನ ಸಿಂಬೆ ಹಿಡಿಯುತ್ತಾನೆ. ಅವನಿಗಿರುವ ತಾಳ್ಮೆ ಕಾರಿನ ಯಜಮಾನನಿಗೂ ಇರಬೇಕು.

ಮೊದಲನೆಯದಾಗಿ, ಕಾರು ನೆರಳಿನಲ್ಲಿರಬೇಕು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ತಣ್ಣಗಿರಬೇಕು. ಚನ್ನರಾಯಪಟ್ಟಣದಿಂದ ಹೆದ್ದಾರಿಯಲ್ಲಿ ಮಧ್ಯಾಹ್ನ ಓಡಿಬಂದ ಕಾರಿಗೆ ಕೂಡಲೇ ಸೋಪಿನ ನೀರು ಸುರಿದರೆ ಅದು ಕಾದ ತಗಡಿನ ಮೇಲೆ ಒಣಗಿ ಕಲೆಯಾಗುತ್ತದೆ. ಆಮೇಲೆ ಬರಿಯ ನೀರನ್ನು ಮೇಲಿನಿಂದ ಕೆಳಕ್ಕೆ ಹರಿಯಬಿಟ್ಟು, ಐದು ನಿಮಿಷ ಮಣ್ಣು ನೆನೆಯಲು ಬಿಡಬೇಕು. ಮಳೆಗಾಲದ ಕೆಸರಾದರೆ ಇನ್ನೊಮ್ಮೆ ನೆನೆಸಬೇಕು. ಹೊಲಕ್ಕೆ ಔಷಧಿ ಹೊಡೆಯುವ ಮಾದರಿಯ ಕೈಪಂಪು ಈ ಕೆಲಸಕ್ಕೆ ಬಹಳ ಒಳ್ಳೆಯದು. ಸ್ವಲ್ಪ ನೀರಿನಲ್ಲಿ ಇಡೀ ಕಾರು ನೆನೆಯುತ್ತದೆ. ಆದರೆ ಔಷಧಿ ಹೊಡೆದ ಪಂಪನ್ನೇ ತರಬಾರದು. ಹೊಸದೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಬೇಕು.

ಎರಡನೆಯದಾಗಿ, ಬಕೆಟ್ಟು ಎರಡಿರಬೇಕು. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು. ಇನ್ನೊಂದರಲ್ಲಿ ಬರಿಯ ನೀರು. ಶಾಂಪೂವಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಭಾಗವನ್ನು ತೊಳೆದ ಕೂಡಲೇ ಅದನ್ನು ಎರಡನೆಯ ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ಅನಂತರವೇ ಮತ್ತೆ ಶಾಂಪೂವಿಗೆ ಅದ್ದಬೇಕು. ಮರಳು ಎರಡನೆಯ ಬಕೆಟ್ಟಿನ ತಳದಲ್ಲಿ ಕೂರುತ್ತದೆ. ಒಂದೇ ಬಕೆಟ್ಟಿನಲ್ಲಿ ಕೆಲಸ ಮುಗಿಸುವವನು ಮೊದಲ ಕಾರಿನಿಂದ ತೆಗೆದ ಮರಳನ್ನು ಎರಡನೆಯ ಕಾರಿಗೆ ಹಚ್ಚುತ್ತಾನೆ. ಹತ್ತನೆಯ ಕಾರಿಗೆ ಬರುವ ಹೊತ್ತಿಗೆ ಅವನ ಕೈಯಲ್ಲಿರುವುದು ಬಟ್ಟೆಯಲ್ಲ, ಮರಳುಕಾಗದ. ತರುಣನು ತಲೆ ತಗ್ಗಿಸಿ ಹೇಳಿದ ಮಾತಿನಲ್ಲಿ ಇಷ್ಟು ವಿಷಯವಡಗಿತ್ತು.

ಮೂರನೆಯದಾಗಿ, ಕ್ರಮ ಮೇಲಿನಿಂದ ಕೆಳಕ್ಕೆ. ಮೊದಲು ಛಾವಣಿ, ಆಮೇಲೆ ಗಾಜುಗಳು, ಬಾನೆಟ್ಟು, ಬಾಗಿಲುಗಳ ಮೇಲ್ಭಾಗ. ಕಡೆಯಲ್ಲಿ ಬಾಗಿಲುಗಳ ಕೆಳಭಾಗ. ರಸ್ತೆಯ ಮರಳು ಹೆಚ್ಚಾಗಿ ಸಿಡಿದು ಕೂತಿರುವುದು ಕೆಳಗೆ. ಅಲ್ಲಿ ಆಡಿಸಿದ ಬಟ್ಟೆಯನ್ನು ಮತ್ತೆ ಮೇಲಕ್ಕೆ ತರಬಾರದು. ಗಾಲಿಗಳಿಗೆ ಬೇರೆಯೇ ಬಟ್ಟೆ, ಬೇರೆಯೇ ನೀರು. ಬ್ರೇಕಿನಿಂದ ಉದುರುವ ಲೋಹದ ಪುಡಿ ಅಲ್ಲಿರುತ್ತದೆ. ಕೈಯನ್ನು ಒತ್ತದೆ, ನೇರವಾಗಿ, ಒಂದೇ ದಿಕ್ಕಿನಲ್ಲಿ ಆಡಿಸುವುದು ಲೇಸು. ಅಕಸ್ಮಾತ್ ಒಂದು ಗೀರು ಬಿದ್ದರೂ ಅದು ಒಂದು ದಿಕ್ಕಿನ ಬೆಳಕಿಗೆ ಮಾತ್ರ ಕಂಡೀತು.

ನಾಲ್ಕನೆಯದು ಬಟ್ಟೆಯ ವಿಚಾರ. ಹಳೆಯ ಪಂಚೆ, ಹಳೆಯ ಸೀರೆ ಮೆತ್ತಗಿವೆಯೆಂದು ಮನೆಯವರ ನಂಬಿಕೆ. ಮೆತ್ತಗಿರುವುದು ನಿಜ, ಆದರೆ ಅವುಗಳ ನೇಯ್ಗೆ ಚಪ್ಪಟೆ. ಸಿಕ್ಕಿದ ಮರಳಿಗೆ ಒಳಗೆ ಸರಿಯಲು ಜಾಗವಿಲ್ಲದೆ ಅದು ಬಟ್ಟೆಗೂ ಬಣ್ಣಕ್ಕೂ ನಡುವೆಯೇ ಉರುಳುತ್ತದೆ. ಅಂಚಿನ ಹೊಲಿಗೆ, ಜರಿ, ಗುಂಡಿಗಳು ಬೇರೆ. ಮೈಕ್ರೋಫೈಬರ್ ಎಂಬ ಬಟ್ಟೆ ಪಾಲಿಯೆಸ್ಟರ್ ಮತ್ತು ನೈಲಾನಿನ ಅತಿಸೂಕ್ಷ್ಮ ಎಳೆಗಳದು. ಅದರ ಉದ್ದ ಜುಂಗಿನೊಳಕ್ಕೆ ಮಣ್ಣಿನ ಕಣಗಳು ಸೇರಿಕೊಳ್ಳುವುದರಿಂದ ಬಣ್ಣಕ್ಕೆ ಅಪಾಯ ಕಡಮೆ. ಆದರೆ ಒಮ್ಮೆ ನೆಲಕ್ಕೆ ಬಿದ್ದ ಬಟ್ಟೆಯನ್ನು, ಅದೆಷ್ಟೇ ಬೆಲೆಯದಾಗಿರಲಿ, ಒಗೆಯದೆ ಕಾರಿಗೆ ಮುಟ್ಟಿಸಬಾರದು. ಬಟ್ಟೆ ಒಗೆಯುವ ಪುಡಿ, ಪಾತ್ರೆಯ ಸೋಪು, ಬೂದಿ, ತೆಂಗಿನ ನಾರು ಇವು ಯಾವುವೂ ಕಾರಿನ ಹತ್ತಿರ ಸುಳಿಯಕೂಡದು. ಒಗೆಯುವ ಪುಡಿಯ ಕ್ಷಾರ ಮೇಣದ ರಕ್ಷಣೆಯನ್ನು ತೆಗೆದುಹಾಕುತ್ತದೆ. ಬೂದಿ ಮತ್ತು ನಾರು ನೇರವಾಗಿ ಗೀರುತ್ತವೆ.

ಕಡೆಯದಾಗಿ ಒಣಗಿಸುವುದು. ಕೊಳವೆ ಬಾವಿಯ ಗಡಸು ನೀರನ್ನು ತಾನಾಗಿಯೇ ಆರಲು ಬಿಟ್ಟರೆ ಸುಣ್ಣದ ಅಂಶ ಬಿಳಿಯ ಚುಕ್ಕೆಗಳಾಗಿ ಉಳಿಯುತ್ತದೆ. ಒಣಗಿದ ದೊಡ್ಡ ಮೈಕ್ರೋಫೈಬರ್ ಬಟ್ಟೆಯನ್ನು ಮೇಲೆ ಹಾಸಿ, ಒತ್ತಿ, ನೀರನ್ನು ಹೀರಿಸಬೇಕೇ ಹೊರತು ಉಜ್ಜಬಾರದು. ಹಕ್ಕಿಯ ಹಿಕ್ಕೆಯನ್ನು ಕಂಡ ದಿನವೇ ತೆಗೆಯಬೇಕು, ಏಕೆಂದರೆ ಅದರ ಆಮ್ಲ ಮೆರುಗನ್ನು ತಿನ್ನುತ್ತದೆ, ಆದರೆ ಕೆರೆಯಬಾರದು. ಒದ್ದೆಯ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿದರೆ ತಾನಾಗಿಯೇ ಬಿಟ್ಟುಬರುತ್ತದೆ.

ವರ್ಷದಲ್ಲಿ ಒಂದು ದಿನ ಈ ನಿಯಮಗಳೆಲ್ಲ ಮೂಲೆಗೆ ಸೇರುತ್ತವೆ, ಅದು ಆಯುಧಪೂಜೆ. ಮಹಾನವಮಿಯ ಬೆಳಗ್ಗೆ ಬೀದಿಯುದ್ದಕ್ಕೂ ಕಾರುಗಳಿಗೆ ಸ್ನಾನ. ಆಮೇಲೆ ವಿಭೂತಿಯ ಪಟ್ಟೆ, ಗಂಧ, ಕುಂಕುಮ, ಹೂವಿನ ಹಾರ, ಎರಡು ಕಡೆ ಬಾಳೆಕಂದು. ಪೂಜೆಯನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ವಿಭೂತಿ, ಕುಂಕುಮಗಳನ್ನು ಬಣ್ಣದ ಮೇಲೆ ಇಡುವ ಬದಲು ಗಾಜಿನ ಮೇಲೆ ಇಟ್ಟರೆ ದೇವರಿಗೆ ಏನೂ ಕಡಮೆಯಾಗದು. ಗಾಜು ಗಡಸಾದುದು, ಕಲೆಯನ್ನು ಹಿಡಿಯದು. ಬಾಳೆಕಂದಿನ ಕಡಿದ ತುದಿಯಿಂದ ಒಸರುವ ರಸದ ಕಲೆ ಬಟ್ಟೆಗೆ ಹತ್ತಿದರೆ ಹೋಗದೆಂಬುದು ಎಲ್ಲ ಗೃಹಿಣಿಯರಿಗೂ ತಿಳಿದ ವಿಷಯ. ಆ ತುದಿಗೆ ಒಂದು ಕಾಗದ ಸುತ್ತಿ ಕಟ್ಟಿದರಾಯಿತು. ಮರುದಿನ ಒಣಗಿದ ಕುಂಕುಮವನ್ನು ಒಣಬಟ್ಟೆಯಿಂದ ತಿಕ್ಕಿ ತೆಗೆಯುವವರೇ ಹೆಚ್ಚು. ಅದನ್ನೂ ಮೊದಲು ನೆನೆಸಬೇಕು.

ಇಲ್ಲಿ ನೀರಿನ ಪ್ರಶ್ನೆ ಏಳುತ್ತದೆ. ಇಷ್ಟೆಲ್ಲ ನೆನೆಸಿ ತೊಳೆಯಲು ನೀರೆಲ್ಲಿದೆ? ಲೆಕ್ಕ ಹಾಕಿ ನೋಡಬೇಕು. ನಿಮಿಷಕ್ಕೆ 12 ಲೀಟರು ಬಿಡುವ ಕೊಳವೆಯನ್ನು 20 ನಿಮಿಷ ಹಿಡಿದು ನಿಂತರೆ 240 ಲೀಟರು ಚರಂಡಿಗೆ ಹೋಗುತ್ತದೆ. 15 ಲೀಟರಿನ ಎರಡು ಬಕೆಟ್ಟು, ನೆನೆಸಲು ಮತ್ತು ಜಾಲಿಸಲು ಇನ್ನು 20 ಲೀಟರು, ಒಟ್ಟು 50 ಲೀಟರಿನಲ್ಲಿ ಸಾಧಾರಣ ಕಾರೊಂದನ್ನು ಚೊಕ್ಕಟವಾಗಿ ತೊಳೆಯಬಹುದು. ನಿತ್ಯವೂ ಒಣಬಟ್ಟೆ ಆಡಿಸುವುದನ್ನು ಬಿಟ್ಟು ವಾರಕ್ಕೊಮ್ಮೆ ಹೀಗೆ ತೊಳೆದರೆ ಸಾಕು. ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟವರಿಗೆ ಬಿಳಿಯ ಚುಕ್ಕೆಗಳ ಕಾಟವೂ ಇಲ್ಲ. ಬೆಂಗಳೂರಿನಲ್ಲಿ ನೀರಿನ ಬರ ತಲೆದೋರಿದ 2024ರ ಮಾರ್ಚಿಯಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಜಲಮಂಡಳಿಯು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಸಾರಿತು. ಆ ದಿನ ನಮ್ಮ ಊರಿಗೂ ಬರುವವರೆಗೆ ಕಾಯುವುದು ಜಾಣತನವಲ್ಲ.

ನೀರಿಲ್ಲವೆಂದು ಕಾರನ್ನು ಹೊಳೆಗೇ ಇಳಿಸುವುದಂತೂ ಇನ್ನೂ ತಪ್ಪು. ಗೊರೂರಿನ ಅಣೆಕಟ್ಟಿನಿಂದ ಕೆಳಗಿಳಿದ ಹೇಮಾವತಿ ಹೊಳೆನರಸೀಪುರವನ್ನು ಬಳಸಿ ಹರಿದು, ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಒಂದು ಊರಿನವರು ತೊಳೆದ ಎಣ್ಣೆ, ಜಿಡ್ಡು, ಸೋಪು ಮುಂದಿನ ಊರಿನವರ ಬಿಂದಿಗೆಗೆ ಬರುತ್ತದೆ. ಹೊಳೆಯ ನೀರನ್ನು ಕೆಡಿಸುವುದು 1974ರ ಜಲಮಾಲಿನ್ಯ ಕಾಯಿದೆಯ ಪ್ರಕಾರ ನಿಷಿದ್ಧ. ಕಾಯಿದೆಯ ಮಾತು ಹಾಗಿರಲಿ. ಹೊಳೆಯ ದಂಡೆಯಲ್ಲಿ ತೊಯ್ದ ಬಟ್ಟೆ ಅಲ್ಲಿನ ಮರಳನ್ನೇ ಮೆತ್ತಿಕೊಂಡು ಬಂದು ಕಾರನ್ನು ಗೀರುತ್ತದೆ. ಹೊಳೆಗೂ ಕೇಡು, ಕಾರಿಗೂ ಕೇಡು.

ಬಿದ್ದ ಗೀರುಗಳಿಗೆ ಪರಿಹಾರವಿಲ್ಲವೇ ಎಂದರೆ, ಇದೆ. ಆದರೆ ಅದಕ್ಕೆ ಬೆಲೆಯಿದೆ. ಉಗುರನ್ನು ಅಡ್ಡಲಾಗಿ ಹಗುರವಾಗಿ ಎಳೆದು ನೋಡಬೇಕು. ಉಗುರು ತಡೆಯದಿದ್ದರೆ ಗೀರು ಮೇಲಿನದು, ಪಾಲಿಷಿನಿಂದ ಹೋದೀತು. ಉಗುರು ಸಿಕ್ಕಿಕೊಂಡರೆ ಗೀರು ಆಳದ್ದು, ಬಣ್ಣದವನ ಕೈಸೇರಬೇಕು. ಪಾಲಿಷೆಂದರೆ ಗೀರನ್ನು ತುಂಬುವುದಲ್ಲ, ಗೀರಿನ ಸುತ್ತಲಿನ ಪದರವನ್ನು ಅದರ ಮಟ್ಟಕ್ಕೆ ಸವೆಸುವುದು. ಕೂದಲಿನೆಳೆಗಿಂತ ತೆಳುವಾದ ಆಸ್ತಿಯನ್ನು ಎಷ್ಟು ಸಲ ಸವೆಸಲಾದೀತು? ವರ್ಷವರ್ಷವೂ ಪಾಲಿಷು ಮಾಡಿಸುವವನು ಬಡ್ಡಿಯನ್ನಲ್ಲ, ಅಸಲನ್ನೇ ತಿನ್ನುತ್ತಿದ್ದಾನೆ.

ಮೇಷ್ಟ್ರ ಮನೆಯ ವಿಚಾರಣೆ ಹೇಗೆ ಮುಗಿಯಿತೆಂದು ವಾಚಕರು ಕೇಳಬಹುದು. ತಟ್ಟೆಯನ್ನು ಎರಡು ಸಲ ಆಚೀಚೆ ತಿರುಗಿಸಿ ನೋಡಿದ ಮೇಷ್ಟ್ರಿಗೆ ಒಂದು ಸಂಗತಿ ನೆನಪಾಯಿತು. ಹೊರಗೆ ಹೊರಡುವ ಮುನ್ನ ದಿನವೂ ಹೆಗಲ ಮೇಲಿನ ಟವಲಿನಿಂದ ಬಾನೆಟ್ಟಿನ ಧೂಳನ್ನು ಎರಡೇಟು ಝಾಡಿಸಿ, ನಾಲ್ಕು ಸಲ ಒರೆಸುವುದು ತಮ್ಮದೇ ಅಭ್ಯಾಸ. ಅದಕ್ಕೆ ಅರ್ಧ ಬಕೆಟ್ಟು ನೀರಿನ ಅನುಕೂಲವೂ ಇರಲಿಲ್ಲ. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವರಿಗೆ ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಅವರು ಮಾತಿಲ್ಲದೆ ಒಳಗೆ ಹೋಗಿ ಬಚ್ಚಲುಮನೆಯಿಂದ ಇನ್ನೊಂದು ಬಕೆಟ್ಟನ್ನು ತಂದು ತರುಣನ ಮುಂದಿಟ್ಟರು.

"ನಾಳೆಯಿಂದ ದಿನಾ ಬರಬೇಡ. ಭಾನುವಾರ ಬಾ, ಸಂಬಳ ಇದ್ದಷ್ಟೇ ಇರುತ್ತದೆ. ನಿಧಾನವಾಗಿ ತೊಳೆ."

ತರುಣನು ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟನು. ಮೇಷ್ಟ್ರು ಹೆಗಲ ಮೇಲಿನ ಟವಲನ್ನು ತೆಗೆದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಳಗಿನ ಗೂಟಕ್ಕೆ ಸಿಕ್ಕಿಸಿದರು. ಗೃಹಿಣಿ ನೋಡಿದರು, ಏನೂ ಹೇಳದೆ ತಟ್ಟೆಯನ್ನು ಅಡಿಗೆಮನೆಗೆ ತೆಗೆದುಕೊಂಡು ಹೋದರು.